ಅಣ್ಣ ಬೇಡ ಅಂದ ಚಿತ್ರಗಳು

ಮಾತಿನ ಡಾಕ್ಟರಮ್ಮ ಫ್ಲೋಚಾರ್ಟ್ ಕೇಳಿದ್ದು ಸೋಮವಾರ ಬೆಳಿಗ್ಗೆ. ಶುಕ್ರವಾರಕ್ಕೆ ಬೇಕು ಅಂದರು. ಕೇಳಿದ ತಕ್ಷಣ ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಮಾಡುವ ಕೆಲಸವನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳು ಅಂದರೆ ನನ್ನ ಕೈಲಿ ಮೊದಲಿನಿಂದಲೂ ಆಗುವುದಿಲ್ಲ. ಮಾಡು ಅಂದರೆ ಮಾಡುತ್ತೇನೆ, ಹೇಳು ಅಂದರೆ ತಡವರಿಸುತ್ತೇನೆ.

ಕೆಲಸ ಇಷ್ಟೇ. ಲಕ್ವ ಹೊಡೆದು ಮಾತು ಕಳೆದುಕೊಂಡವರಿಗಾಗಿ ಚಿತ್ರದ ಕಾರ್ಡು ಮಾಡುವುದು. ನೀರು ಬೇಕಾದರೆ ನೀರಿನ ಕಾರ್ಡು, ಕಿಟಕಿ ತೆಗೆಯಬೇಕಾದರೆ ಕಿಟಕಿಯ ಕಾರ್ಡು. ರೋಗಿ ಬೆರಳಿಟ್ಟು ತೋರಿಸಿದರೆ ಮನೆಯವರಿಗೆ ತಿಳಿಯಬೇಕು. ಒಟ್ಟು ತೊಂಬತ್ತು ಕಾರ್ಡು, ಒಂದೊಂದಕ್ಕೂ ಆರಿಸಿಕೊಳ್ಳಲು ನಾಲ್ಕಾರು ಮಾದರಿ. ಚಿತ್ರಗಳನ್ನು ನಾನು ಕೈಯಲ್ಲಿ ಬಿಡಿಸುವುದಿಲ್ಲ, ಕಂಪ್ಯೂಟರಿನಿಂದ ಬರೆಸುತ್ತೇನೆ. ತೆರೆಯ ಮೇಲೆ ಪೆಟ್ಟಿಗೆಗಳಿರುತ್ತವೆ. ಒಂದರಲ್ಲಿ ಎಂಥ ಚಿತ್ರ ಬೇಕು ಅಂತ ಬರೆಯಬೇಕು, ಇನ್ನೊಂದರಲ್ಲಿ ಏನು ಬೇಡ ಅಂತ ಬರೆಯಬೇಕು. ಮತ್ತೊಂದು ಪೆಟ್ಟಿಗೆ ಚಿತ್ರ ಬರೆಯುತ್ತದೆ, ಅದರ ಮುಂದಿನದು ತಿದ್ದುತ್ತದೆ, ಅದರಾಚೆಯದು ದೊಡ್ಡದು ಮಾಡುತ್ತದೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ವೈರು ಎಳೆದು ಜೋಡಿಸುವವಳು ನಾನು. ಎಂಟು ತಿಂಗಳಲ್ಲಿ ಎಳೆದ ವೈರುಗಳೆಲ್ಲ ಸೇರಿ ತೆರೆ ವಾರದಿಂದ ಬಾಚದ ತಲೆಯ ಹಾಗಾಗಿತ್ತು. ಯಾವುದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅಂತ ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಕೆಲವು ನನಗೂ ಗೊತ್ತಿರಲಿಲ್ಲ.

"ಆಸ್ಪತ್ರೆ ಸಮಿತಿಯವರು ನೋಡ್ಬೇಕಂತೆ," ಅಂದರು ಡಾಕ್ಟರಮ್ಮ ಫೋನಿನಲ್ಲಿ. "ಒಂದೊಂದು ಚಿತ್ರ ಹೇಗೆ ತಯಾರಾಗತ್ತೆ, ಯಾರು ನೋಡಿ ಸರಿ ಅಂತಾರೆ, ಎಲ್ಲ ಒಂದೇ ಹಾಳೇಲಿ ಬರ್ಬೇಕು. ರೋಗಿಗಳ ಕೈಗೆ ಹೋಗೋದಲ್ವಾ?"

"ನೋಡಿ ಸರಿ ಅನ್ನೋಕೆ ನಮ್ಮಣ್ಣ ಇದ್ದಾನಲ್ಲ," ಅಂದೆ.

"ಹಾಗಾದ್ರೆ ಅದನ್ನೂ ಹಾಕ್ಬಿಡಿ," ಅಂದರು.

ಅಣ್ಣ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು. ಒಂದೂವರೆ ವರ್ಷದ ಹಿಂದೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಹಾಗೇ ಗೋಡೆಗೆ ಒರಗಿ ಕುಸಿದ. ಬಲಗೈ ಹೋಯಿತು, ಬಲಗಾಲು ಅರ್ಧ ಉಳಿಯಿತು. ಓದು ಹೋಯಿತು. ಮಾತಿನಲ್ಲಿ ಒಂದೇ ಒಂದು ಪದ ಉಳಿಯಿತು, "ಇರಲಿ." ಹಸಿವಾದರೂ ಇರಲಿ, ಬಿಸಿನೀರು ಮೈಮೇಲೆ ಬಿದ್ದರೂ ಇರಲಿ. ಯಾವುದನ್ನೂ ಇರಲಿ ಅಂತ ಬಿಟ್ಟವನಲ್ಲ ನಮ್ಮಣ್ಣ. ಸ್ವಿಚ್ ಬೋರ್ಡು ಕೂದಲೆಳೆಯಷ್ಟು ವಾರೆ ಕೂತರೂ ಗೋಡೆ ಒಡೆಸಿ ಮತ್ತೆ ಕೂರಿಸುತ್ತಿದ್ದ. ಅಂಥವನಿಗೆ ಆ ಪದವೇ ಉಳಿಯಬೇಕಿತ್ತೇ ಅಂತ ಅತ್ತಿಗೆ ಅತ್ತೂ ಅತ್ತೂ, ಕೊನೆಗೊಂದು ದಿನ ನಕ್ಕೂ ಬಿಟ್ಟರು.

ಅವನನ್ನು ನನ್ನ ಆಫೀಸಿಗೆ ಕಳಿಸಿದ್ದೂ ಅತ್ತಿಗೆಯೇ. "ಇವರನ್ನ ನಿನ್ನ ಹತ್ರ ಕೂರಿಸ್ಕೊಳ್ತೀಯಾ? ಮನೇಲಿ ಗೋಡೆ ನೋಡ್ತಾ ಕೂತಿರ್ತಾರೆ, ನನ್ಗೆ ನೋಡಕ್ಕಾಗಲ್ಲ," ಅಂದರು. ಆಫೀಸು ಅಂದರೆ ಬೀಗದ ಕೈ ಮಾಡುವ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಕೋಣೆ. ಮೆಟ್ಟಿಲಿಲ್ಲ, ಅದೊಂದು ಪುಣ್ಯ. ಕಿಟಕಿಯ ಪಕ್ಕ ಅವನಿಗೊಂದು ಮೇಜು ಹಾಕಿ ಎರಡು ಟ್ರೇ ಇಟ್ಟೆ. ಸರಿಯಿದ್ದ ಕಾರ್ಡು ನೀಲಿ ಟ್ರೇಗೆ, ಬೇಡವಾದದ್ದು ಕೆಂಪು ಟ್ರೇಗೆ.

"ಕೆಂಪಲ್ಲಿ ಹಾಕಿದ್ದನ್ನೆಲ್ಲ ಮತ್ತೆ ಮಾಡ್ತೀನಿ ಅಣ್ಣ. ನೀನು ಸರಿ ಅನ್ನೋವರೆಗೂ ಒಂದು ಕಾರ್ಡೂ ಹೊರಗೆ ಹೋಗಲ್ಲ," ಅಂತ ಮಾತು ಕೊಟ್ಟೆ. ಅವತ್ತು ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ ರೀತಿ ನೋಡಬೇಕಿತ್ತು. ಕೆಲಸಕ್ಕೆ ಬಂದವನ ಕೂರುವಿಕೆ ಅದು.

ಎರಡು ವಾರ ಮಾತು ಉಳಿಸಿಕೊಂಡೆ. ಅವನೋ ಹತ್ತರಲ್ಲಿ ಏಳನ್ನು ಕೆಂಪಿಗೆ ಹಾಕುತ್ತಿದ್ದ. ಮತ್ತೆ ಮಾಡಿ ಕೊಟ್ಟರೆ ಮತ್ತೆ ಕೆಂಪಿಗೆ. ನೀರಿನ ಲೋಟ ಒಂದನ್ನೇ ಹನ್ನೊಂದು ಸಲ ಮಾಡಿದೆ. ಒಂದಕ್ಕಿಂತ ಒಂದು ಚೆಂದದ ಲೋಟ. ಏನು ತಪ್ಪು ಅಂತ ಕೇಳಿದರೆ ಇರಲಿ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಇಂಥವರಿಗೆ ಕೆಲವೊಮ್ಮೆ ಸರಿ-ತಪ್ಪು ತೂಗುವುದೂ ಕಷ್ಟವಾಗುತ್ತದೆ ಅಂತ ಡಾಕ್ಟರಮ್ಮ ಯಾವಾಗಲೋ ಹೇಳಿದ್ದರು. ಆ ಮಾತು ನನಗೆ ಭಾರೀ ಅನುಕೂಲವಾಯಿತು. ಮೂರನೇ ವಾರದಿಂದ, ಸಂಜೆ ಅತ್ತಿಗೆ ಬಂದು ಅವನನ್ನು ಕರೆದುಕೊಂಡು ಹೋದ ಮೇಲೆ, ಕೆಂಪು ಟ್ರೇಯನ್ನು ಒಂದು ರಟ್ಟಿನ ಡಬ್ಬಕ್ಕೆ ಸುರಿದು, ಅದೇ ಚಿತ್ರಗಳ ಮುಂದೆ ಕಂಪ್ಯೂಟರಿನಲ್ಲಿ ಸರಿ ಅಂತ ಗುರುತು ಹಾಕತೊಡಗಿದೆ. ಮಾರನೇ ದಿನ ಅವನ ಮುಂದೆ ಬೇರೆ ಕಾರ್ಡುಗಳು. ಅವನಿಗೆ ಹೊತ್ತು ಹೋಗಬೇಕು, ನನಗೆ ಕೆಲಸ ಸಾಗಬೇಕು. ಹೊಟ್ಟೆ ತುಂಬ ಊಟ ಮಾಡುತ್ತಿದ್ದಾರೆ, ಮುಖದಲ್ಲಿ ಕಳೆ ಬಂದಿದೆ ಅಂತ ಅತ್ತಿಗೆಗೆ ಸಂತೋಷ. ಇದರಲ್ಲಿ ಯಾರಿಗೆ ನಷ್ಟ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೀಗೆ ನಾಲ್ಕು ತಿಂಗಳು ಕಳೆದುವು.

ಮಂಗಳವಾರ ಫ್ಲೋಚಾರ್ಟ್ ಮಾಡುವ ಟೂಲ್ ಒಂದನ್ನು ಹುಡುಕಿ ಹಾಕಿಕೊಂಡೆ. ನನ್ನ ಪೆಟ್ಟಿಗೆ, ವೈರುಗಳೆಲ್ಲ ಇರುವ ವರ್ಕ್‌ಫ್ಲೋ ಫೈಲನ್ನು ಅದರ ಬಾಯಿಗೆ ಕೊಟ್ಟರೆ ಸಾಕು, ಸಿಕ್ಕು ಬಿಡಿಸಿ, ಪೆಟ್ಟಿಗೆಗಳನ್ನು ಮೇಲಿಂದ ಕೆಳಕ್ಕೆ ಸಾಲಾಗಿ ನಿಲ್ಲಿಸಿ, ನಂಬರು ಕೊಟ್ಟು, ಬಾಣ ಎಳೆದು ಕೊಡುತ್ತದೆ. ನನ್ನ ನಲವತ್ತು ಚಿಲ್ಲರೆ ಪೆಟ್ಟಿಗೆಗಳಲ್ಲಿ ಒಂದೇ ಜಾತಿಯವನ್ನು ಒಟ್ಟು ಮಾಡಿ ಹದಿಮೂರಕ್ಕೆ ಇಳಿಸಿತು. ಪ್ರತಿ ಪೆಟ್ಟಿಗೆಯ ಪಕ್ಕ, ಅಲ್ಲಿಂದ ಹೊರಬಿದ್ದಾಗ ಚಿತ್ರ ಹೇಗಿತ್ತು ಅಂತ ಸಣ್ಣದಾಗಿ ಅಂಟಿಸುವ ಸೌಲಭ್ಯವೂ ಇತ್ತು. ಸಮಿತಿಯವರು ಬಾಯಿ ಬಿಟ್ಟುಕೊಂಡು ನೋಡಲಿ ಅಂತ ಅದನ್ನೂ ಒತ್ತಿದೆ. ಉದಾಹರಣೆಗೆ ನೀರಿನ ಲೋಟವನ್ನೇ ಕೊಟ್ಟೆ. ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ತಂದು ಗೋಡೆಗೆ ಅಂಟಿಸಿದೆ. ಎಂಟು ತಿಂಗಳು ನನ್ನ ತಲೆ ತಿಂದದ್ದು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವುದೊಂದು ಬಾಕಿ.

ಅಣ್ಣ ಎದ್ದ. ಕೋಲೂರಿಕೊಂಡು ಬಂದು ಹಾಳೆಯ ಮುಂದೆ ನಿಂತ. ಅಕ್ಷರ ಅವನಿಗೆ ಈಗ ಬರೀ ಗೀಟು, ನಿಜ. ಆದರೆ ಮೂವತ್ತು ವರ್ಷ ವೈರಿಂಗ್ ನಕ್ಷೆ ಹಿಡಿದು ಗೋಡೆ ಕೊರೆದವನು. ಎಡಗೈಯ ಬೆರಳನ್ನು ಒಂದನೇ ಪೆಟ್ಟಿಗೆಯ ಮೇಲಿಟ್ಟು ಬಾಣದ ಗುಂಟ ಇಳಿಯತೊಡಗಿದ. ಏಳನೆಯದರಲ್ಲಿ ನಿಂತ. ವಾಪಸ್ ಆರಕ್ಕೆ ಹೋದ. ಮತ್ತೆ ಏಳಕ್ಕೆ ಬಂದ. ಕೈ ಸೋತಿರಬೇಕು ಅಂದುಕೊಂಡೆ. ಆಮೇಲೆ ಇಳಿಯುತ್ತಾ ಇಳಿಯುತ್ತಾ ಕೊನೆಯ ಪೆಟ್ಟಿಗೆಗೆ ಬಂದ. ಅಲ್ಲಿಗೆ ಅವನ ಬೆರಳು ನಿಲ್ಲಲಿಲ್ಲ. ಪೆಟ್ಟಿಗೆಯ ಎಡಕ್ಕೆ, ಬಲಕ್ಕೆ, ಕೆಳಗೆ, ಬಿಳಿ ಹಾಳೆಯ ಮೇಲೆಲ್ಲ ಏನನ್ನೋ ಹುಡುಕಿತು. ಅವನು ತಿರುಗಿ ತನ್ನ ಎರಡು ಟ್ರೇಗಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

ಟೂಲಿಗೆ ಫೈಲಿನಲ್ಲಿ ಇದ್ದದ್ದಷ್ಟೇ ಗೊತ್ತು, ಫೈಲಿನಲ್ಲಿ ಅಣ್ಣ ಎಲ್ಲೂ ಇರಲಿಲ್ಲ. ಕೊನೆಯ ಪೆಟ್ಟಿಗೆಯಿಂದ ಅವನ ಮೇಜಿಗೆ ಬಾಣವಿಲ್ಲ. ಅವನ ಕೆಂಪು ಟ್ರೇಯಿಂದ ವಾಪಸ್ ಮೊದಲ ಪೆಟ್ಟಿಗೆಗೆ ಬಾಣವಿಲ್ಲ. ಅವನು ಬೇಡ ಅಂದದ್ದು ಎಲ್ಲಿಗೂ ಹೋಗುತ್ತಿರಲಿಲ್ಲ.

"ಅದನ್ನ ಟೂಲ್ ಹಾಕಲ್ಲ ಅಣ್ಣ, ನಾನು ಕೈಯಲ್ಲಿ ಸೇರಿಸ್ಬೇಕು. ಇನ್ನೂ ಸೇರಿಸಿಲ್ಲ ಅಷ್ಟೇ," ಅಂದೆ.

"ಇರಲಿ," ಅಂದ. ಹೋಗಿ ಕೆಂಪು ಟ್ರೇಯನ್ನು ಮೇಜಿನ ಮೇಲೆ ಬೋರಲು ಹಾಕಿ, ಅತ್ತಿಗೆ ಬರುವವರೆಗೂ ಬೀದಿ ನೋಡುತ್ತಾ ಕೂತ.

ಬುಧವಾರ ಅವನು ಬರಲಿಲ್ಲ. ಅತ್ತಿಗೆಯ ಫೋನು ಬಂತು. "ಏನಾಯ್ತೇ ನಿನ್ನೆ ಅಲ್ಲಿ? ಶೂ ಹಾಕೋಕೆ ಹೋದ್ರೆ ಕಾಲು ಹಿಂದಕ್ಕೆ ಎಳ್ಕೊಂಡ್ರು. ಕಾಫಿ ಲೋಟ ಹಾಗೇ ಇದೆ. ಮತ್ತೆ ಗೋಡೆ ಕಡೆ ತಿರುಗಿ ಕೂತಿದ್ದಾರೆ."

"ಏನಿಲ್ಲ ಅತ್ತಿಗೆ, ಒಂದು ಹಾಳೆ ವಿಷ್ಯ. ನಾನು ಸರಿ ಮಾಡ್ತೀನಿ," ಅಂದೆ.

ಸರಿ ಮಾಡಿದ್ದು ಹೇಗೆ ಅಂತ ಹೇಳಲು ಈಗಲೂ ನಾಚಿಕೆಯಾಗುತ್ತದೆ. ಆ ಟೂಲಿನಲ್ಲಿ ಕೈಯಾರೆ ಪೆಟ್ಟಿಗೆ ಸೇರಿಸಬಹುದು, ಬಾಣ ಎಳೆಯಬಹುದು. ಕೊನೆಯ ಪೆಟ್ಟಿಗೆಯ ಕೆಳಗೆ ಒಂದು ವಜ್ರಾಕಾರದ ಮನೆ ಮಾಡಿ ಅದರೊಳಗೆ ಎರಡು ಟ್ರೇಗಳ ಫೋಟೋ ಹಾಕಿದೆ. ನೀಲಿಯಿಂದ ಒಂದು ಬಾಣ ಹೊರಕ್ಕೆ, ಕೆಂಪಿನಿಂದ ಒಂದು ಬಾಣ ಉದ್ದಕ್ಕೆ ಮೇಲೆ ಹೋಗಿ ಒಂದನೇ ಪೆಟ್ಟಿಗೆಗೆ. ಹತ್ತು ನಿಮಿಷದ ಕೆಲಸ. ಹಾಳೆ ಬದಲಾಯಿತು, ಕೆಲಸ ಮಾಡುವ ರೀತಿ ಎಳ್ಳಷ್ಟೂ ಬದಲಾಗಲಿಲ್ಲ. ಮಧ್ಯಾಹ್ನ ಅದನ್ನು ಸುತ್ತಿಕೊಂಡು ಅಣ್ಣನ ಮನೆಗೆ ಹೋಗಿ ಹಾಸಿಗೆಯ ಮೇಲೆ ಬಿಡಿಸಿಟ್ಟೆ. ಅವನು ಕೆಂಪು ಬಾಣದ ಮೇಲೆ ಬೆರಳಾಡಿಸಿದ, ಕೆಳಗಿಂದ ಮೇಲಕ್ಕೆ, ಎರಡು ಸಲ.

"ನೀವು ತೆಗೆದಿದ್ದೆಲ್ಲ ಅವಳು ಮತ್ತೆ ಮಾಡ್ತಾಳಂತೆ ನೋಡಿ," ಅಂತ ಅವನಿಗೆ ಹೇಳಿ ಅತ್ತಿಗೆ ನನ್ನ ಕಡೆ ತಿರುಗಿದರು. "ಅಲ್ವೇನೇ?"

"ಹೌದು ಅತ್ತಿಗೆ," ಅಂದೆ. ಕಣ್ಣು ಮಿಟುಕಿಸದೆ ಅಂದೆ.

ಅವನು ಶೂ ಕಡೆ ಕಾಲು ಚಾಚಿದ. ಅವತ್ತೇ ಮಧ್ಯಾಹ್ನ ಆಫೀಸಿಗೆ ಬಂದು ಇಪ್ಪತ್ತು ಕಾರ್ಡು ನೋಡಿದ, ಆರನ್ನು ಕೆಂಪಿಗೆ ಹಾಕಿದ. ಒಂದೊಂದನ್ನೂ ಹಾಕುವ ಮುಂಚೆ ಬಹಳ ಹೊತ್ತು ಎಡಗೈಯಲ್ಲೇ ಹಿಡಿದುಕೊಂಡಿದ್ದ. "ನಾಳೆ ಇವೆಲ್ಲ ಹೊಸದಾಗಿ ಬರ್ತವೆ ನೋಡ್ತಿರು," ಅಂದೆ.

ಗುರುವಾರ ಬೆಳಿಗ್ಗೆ ಆ ಆರನ್ನೇ ಬೇರೆ ಕಾರ್ಡುಗಳ ನಡುವೆ ತೂರಿಸಿ ಅವನ ಮುಂದಿಟ್ಟೆ. ಪ್ರಿಂಟನ್ನಾದರೂ ಹೊಸದಾಗಿ ತೆಗೆಯಬಹುದಿತ್ತು, ಅದಕ್ಕೂ ಸೋಮಾರಿತನ. ಅತ್ತಿಗೆ ಅವನ ಮಾತ್ರೆ ಕೊಡುವುದಕ್ಕೆ ಇನ್ನೂ ಅಲ್ಲೇ ಇದ್ದರು. ಸ್ವಲ್ಪ ಹೊತ್ತಿನಲ್ಲಿ ಮೇಜಿನ ಮೇಲೆ ಟಕಟಕ ಸದ್ದು. ತಿರುಗಿ ನೋಡಿದೆ. ಅಣ್ಣ ಆರು ಕಾರ್ಡುಗಳನ್ನು ಸಾಲಾಗಿ ಜೋಡಿಸಿ ಬೆರಳಿನಿಂದ ಕುಟ್ಟುತ್ತಿದ್ದ. ಹತ್ತಿರ ಹೋದೆ. ಪ್ರತಿಯೊಂದರ ಮೇಲಿನ ಮೂಲೆಯಲ್ಲೂ ಉಗುರಿನಿಂದ ಒತ್ತಿದ ಒಂದು ಸಣ್ಣ ಅರ್ಧಚಂದ್ರ.

ಒಂದೇ ಪೈಪಿನಲ್ಲಿ ಹತ್ತು ವೈರು ಹೋಗುವಾಗ ಯಾವುದು ಎಲ್ಲಿ ಹೊರಬೀಳುತ್ತದೆ ಅಂತ ತಿಳಿಯಲು ಅವನು ಈ ತುದಿಗೆ ದಾರ ಕಟ್ಟಿ, ಆ ತುದಿಗೆ ಹೋಗಿ ನೋಡುತ್ತಿದ್ದ. ನನ್ನ ಬಾಣವನ್ನೂ ಹಾಗೇ ಪರೀಕ್ಷೆ ಮಾಡಿದ್ದ. ಮಾತು ಹೋಗಿರಬಹುದು, ಅಣ್ಣನ ಕಸುಬು ಎಲ್ಲಿಗೂ ಹೋಗಿರಲಿಲ್ಲ.

ಸಿಕ್ಕಿಬಿದ್ದರೆ ನನಗೆ ಮೊದಲು ಬರುವುದು ಕೋಪ, ಆಮೇಲೆ ನಾಚಿಕೆ. "ಹೌದು, ಮಾಡ್ಲಿಲ್ಲ!" ಅಂತ ಕೂಗಿದೆ. "ಒಬ್ಬಳೇ ಎಷ್ಟು ಅಂತ ಮಾಡ್ಲಿ? ಏನು ಕೊಟ್ರೂ ಬೇಡ ಬೇಡ ಅಂತೀಯ, ಏನು ತಪ್ಪು ಅಂತ ಹೇಳಲ್ಲ! ಹನ್ನೊಂದು ಲೋಟ ಮಾಡಿದೀನಿ ಅಣ್ಣ, ಹನ್ನೊಂದು! ನಿನಗೆ ಹೊತ್ತು ಹೋಗ್ಲಿ ಅಂತ ಟ್ರೇ ಇಟ್ಟೆ, ಅದೂ ತಪ್ಪಾ?"

ಬೀಗದ ಅಂಗಡಿಯ ಅರದ ಸದ್ದು ನಿಂತುಹೋಯಿತು.

"ಹೊತ್ತು ಹೋಗ್ಲಿ ಅಂತಾನಾ?" ಅಂದರು ಅತ್ತಿಗೆ ಮೆಲ್ಲಗೆ. "ಎಷ್ಟು ದಿನದಿಂದ?"

"ನಾಲ್ಕು ತಿಂಗಳಿಂದ," ಅಂದೆ. ಅಂದವಳೇ ಸ್ಟೂಲಿನ ಮೇಲೆ ಕೂತು ಅತ್ತೆ. ಹೇಳಲು ಬಾರದವನ ಮೇಲೆ ಹೇಳಲಿಲ್ಲ ಅಂತ ಕೂಗಾಡಿದ್ದೆ. ಅದಕ್ಕಿಂತ ಕೀಳು ಮಾತನ್ನು ನಾನು ಜನ್ಮದಲ್ಲಿ ಆಡಿಲ್ಲ.

ಅಣ್ಣ ನನ್ನ ಅಳುವಿಗೆ ಸೊಪ್ಪು ಹಾಕಲಿಲ್ಲ. ಎದ್ದು ನನ್ನ ಮೇಜಿನಿಂದ ಕೆಂಪು ಮಾರ್ಕರ್ ತೆಗೆದುಕೊಂಡ, ಮುಚ್ಚಳವನ್ನು ಹಲ್ಲಿನಿಂದ ಕಿತ್ತ. ಗೋಡೆಯ ಹಾಳೆಯ ಮುಂದೆ ನಿಂತು ಏಳನೇ ಪೆಟ್ಟಿಗೆಯ ಮೇಲೆ ಅಡ್ಡ ಒಂದು, ಅದರ ಮೇಲೆ ಇನ್ನೊಂದು ಗೀಟು ಎಳೆದ. ಎಡಗೈ ನಡುಗಿ ಹಾಳೆ ಹರಿಯಿತು. ಆರನೇ ಪೆಟ್ಟಿಗೆಯ ಪಕ್ಕದ ಸಣ್ಣ ಲೋಟವನ್ನು ಬೆರಳಿನಿಂದ ಕುಟ್ಟಿದ. ಏಳನೆಯದರ ಪಕ್ಕದ ಲೋಟವನ್ನು ಕುಟ್ಟಿ ತಲೆ ಅಡ್ಡಡ್ಡ ಆಡಿಸಿದ. ಮತ್ತೆ ಆರು. ಮತ್ತೆ ಏಳು.

ಆ ಏಳನೇ ಪೆಟ್ಟಿಗೆ ನನ್ನ ಹೆಮ್ಮೆಯ ಪೆಟ್ಟಿಗೆ. ಆರರವರೆಗೆ ಬರುವ ಚಿತ್ರ ಬೋಳು ಬೋಳಾಗಿರುತ್ತದೆ, ಬಿಳಿಯ ಮೇಲೆ ಒಂದು ಲೋಟ, ಅಷ್ಟೇ. ಔಷಧಿ ಡಬ್ಬಿಯ ಮೇಲಿನ ಚಿತ್ರದ ಹಾಗೆ. ಕಾಯಿಲೆಯವರ ಮನಸ್ಸಿಗೆ ಹಿತವಾಗಲಿ ಅಂತ ಏಳರಲ್ಲಿ ನಾನು ಹಿನ್ನೆಲೆ ಬರೆಸುತ್ತಿದ್ದೆ. ಎಳೆಬಿಸಿಲು, ಪರದೆ, ಹೂದಾನಿ.

ಕಣ್ಣೊರೆಸಿಕೊಂಡು ಹೋಗಿ ರಟ್ಟಿನ ಡಬ್ಬವನ್ನು ನೆಲದ ಮೇಲೆ ಸುರಿದೆ. ನಾಲ್ಕು ತಿಂಗಳಲ್ಲಿ ಒಂದು ಸಲವೂ ಅದರೊಳಗೆ ಇಣುಕಿರಲಿಲ್ಲ. ಅತ್ತಿಗೆಯೂ ಬಂದು ಪಕ್ಕದಲ್ಲಿ ಕೂತು ಒಂದು ಕಾರ್ಡು ಎತ್ತಿದರು.

"ಇದೇನು? ಹೂವು ಬೇಕು ಅಂತಲಾ?"

"ನೀರು ಅತ್ತಿಗೆ. ಅಲ್ಲಿ ಪಕ್ಕದಲ್ಲಿ ಲೋಟ ಇದೆಯಲ್ಲ."

"ಓ." ಇನ್ನೊಂದು ಎತ್ತಿದರು. "ಇದು ಬೆಕ್ಕು."

"ಕಿಟಕಿ ತೆಗೀರಿ ಅಂತ."

"ಇದು ಗಿಡಕ್ಕೆ ನೀರು ಹಾಕಿ ಅಂತ ತಾನೇ?"

ಅದು ಬಚ್ಚಲುಮನೆಗೆ ಹೋಗಬೇಕು ಅನ್ನುವ ಕಾರ್ಡು. ಕಮೋಡಿಗಿಂತ ದೊಡ್ಡದಾಗಿ ಒಂದು ಹಸಿರು ಗಿಡ ನಿಂತಿತ್ತು, ಹೊಳೆಯುವ ಕುಂಡದಲ್ಲಿ. ನಾನೇ ಮೆಚ್ಚಿಕೊಂಡಿದ್ದ ಗಿಡ. ಅವಸರ ತಡೆಯಲಾರದ ಮನುಷ್ಯ ಆ ಕಾರ್ಡಿನ ಮೇಲೆ ಬೆರಳಿಟ್ಟರೆ ಮನೆಯವರು ತಂಬಿಗೆ ಹಿಡಿದು ಗಿಡ ಹುಡುಕುತ್ತಿದ್ದರು.

ಒಂದು ಗಂಟೆ ನೆಲದ ಮೇಲೆ ಕೂತು ಇನ್ನೂರ ಹನ್ನೆರಡು ಕಾರ್ಡು ನೋಡಿದೆವು. ಅಷ್ಟರಲ್ಲೂ ಅದೇ ಕಥೆ. ಅವನು ನೀಲಿಗೆ ಹಾಕಿದ್ದವನ್ನೂ ತೆಗೆದು ನೋಡಿದೆ. ಅವುಗಳಲ್ಲಿ ಅದೃಷ್ಟಕ್ಕೆ ಹಿನ್ನೆಲೆ ಮಂಕಾಗಿ, ಬೇಕಾದ ವಸ್ತು ಒಂದೇ ಎದ್ದು ಕಾಣುತ್ತಿತ್ತು. ನಾಲ್ಕು ತಿಂಗಳಲ್ಲಿ ಅಣ್ಣ ಒಂದೇ ಒಂದು ಸಲವೂ ತಪ್ಪಿರಲಿಲ್ಲ. ತೂಗಲು ಬಾರದೆ ಹೋದದ್ದು ನನಗೆ. ಕಾರ್ಡು ಯಾರಿಗೆ ಬೇಕೋ ಅಂಥವನನ್ನೇ ಎದುರಿಗೆ ಕೂರಿಸಿಕೊಂಡು, ಅವನು ದಿನಾ ಹೇಳಿದ್ದನ್ನು ಡಬ್ಬಕ್ಕೆ ಸುರಿದು ಮುಚ್ಚಿದ್ದೆ. ನನ್ನ ತೆರೆಯ ಮೇಲಿನ ಸಿಕ್ಕಿನಲ್ಲಿ ಅವನಿಗೆ ದೋಷ ಎಲ್ಲಿ ಅಂತ ತೋರಿಸಲು ದಾರಿಯೇ ಇರಲಿಲ್ಲ. ಹಾಳೆಯ ಮೇಲೆ ದಾರಿ ಸಿಕ್ಕಿತು, ಮಂಗಳವಾರವೇ ಬೆರಳಿಟ್ಟು ತೋರಿಸಿದ್ದ. ನಾನು ಕೈ ಸೋತಿರಬೇಕು ಅಂದುಕೊಂಡಿದ್ದೆ.

ಏಳನೇ ಪೆಟ್ಟಿಗೆಯನ್ನು ದಾಟಿ ಹೋಗುವ ಹಾಗೆ ಮಾಡಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಒತ್ತಿದೆ. ಪೆಟ್ಟಿಗೆ ಮಸುಕಾಯಿತು. ತೊಂಬತ್ತು ಚಿತ್ರಗಳನ್ನೂ ಮೊದಲಿನಿಂದ ಬರೆಯಲು ಹಚ್ಚಿ ಡಾಕ್ಟರಮ್ಮನಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆ ಅಂತ ಕಾದೆ. "ಹಳೇ ಕಾರ್ಡು ಒಂದೂ ಹೊರಗೆ ಹೋಗಿಲ್ವಲ್ಲ?" ಅಂತ ಕೇಳಿದರು. ಇಲ್ಲ ಅಂದೆ. "ಅವರಿಗೆ ತೂಗೋದು ಕಷ್ಟ ಅಂತ ನಾನು ಹೇಳಿದ್ದೂ ತಪ್ಪೇ. ಪರೀಕ್ಷೆ ಮಾಡಿ ಹೇಳ್ಬೇಕಿತ್ತು. ನಾಳೆ ನಾನೇ ಬರ್ತೀನಿ," ಅಂದರು.

ಶುಕ್ರವಾರ ಬೆಳಿಗ್ಗೆ ಹೊಸ ಕಾರ್ಡುಗಳನ್ನು ಅಣ್ಣನ ಮುಂದಿಟ್ಟೆ. ಇಸ್ಪೀಟು ಹಂಚಿದ ಹಾಗೆ ನೀಲಿಗೆ ಹಾಕುತ್ತಾ ಹೋದ. ಲೋಟ, ನೀಲಿ. ಕಿಟಕಿ, ನೀಲಿ. ಮೂರೇ ಮೂರು ಕೆಂಪಿಗೆ ಬಿದ್ದವು. ಒಂದರಲ್ಲಿ ಕೈಗೆ ಆರು ಬೆರಳಿದ್ದವು, ಒಂದರಲ್ಲಿ ಕನ್ನಡಕಕ್ಕೆ ಒಂದೇ ಕಡ್ಡಿ. ಮೂರನೆಯದು ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಮೂರನ್ನೂ ಅವನ ಕಣ್ಣೆದುರಿಗೇ ಮತ್ತೆ ಮಾಡಿದೆ. ಅವನು ಕುರ್ಚಿ ತಿರುಗಿಸಿಕೊಂಡು, ಚಿತ್ರ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಇಳಿಯುವುದನ್ನು ನೋಡುತ್ತಾ ಕೂತ.

ಡಾಕ್ಟರಮ್ಮ ಬಂದು, ಏಳನೇ ಪೆಟ್ಟಿಗೆ ತೆಗೆದು ನಾನು ಮಾಡಿದ ಹೊಸ ಫ್ಲೋಚಾರ್ಟನ್ನು ಎರಡು ಸಲ ಓದಿ, ಕಾರ್ಡುಗಳ ಕಟ್ಟಿನ ಜೊತೆ ಒಯ್ದರು. ಅಣ್ಣನಿಗೆ ಅಂತ ಒಂದು ಕಟ್ಟು ಬಿಟ್ಟು ಹೋದರು. ನಾನೂ ಅತ್ತಿಗೆಯೂ ನೆಲದ ಮೇಲಿನ ರಾಶಿಯನ್ನು ಎತ್ತಿಡುತ್ತಿದ್ದೆವು. ಮೇಜಿನ ಮೇಲೆ ಮತ್ತೆ ಟಕಟಕ ಸದ್ದಾಯಿತು.

ಅಣ್ಣ ಒಂದು ಕಾರ್ಡನ್ನು ಎತ್ತಿ ಹಿಡಿದಿದ್ದ. 'ಸಿಟ್ಟು' ಅನ್ನುವ ಕಾರ್ಡು. ಹಳೆಯದರಲ್ಲಿ ಆ ಮುಖದ ಹಿಂದೆ ನಾನು ಮುಳುಗುವ ಸೂರ್ಯನನ್ನು ಇಡಿಸಿದ್ದೆ, ಯಾರೋ ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಹಾಗೆ ಕಾಣುತ್ತಿತ್ತು. ಈಗ ಹಿಂದೆ ಏನೂ ಇರಲಿಲ್ಲ. ಗಂಟಿಕ್ಕಿದ ಹುಬ್ಬು, ಕಚ್ಚಿದ ಹಲ್ಲು, ಅಷ್ಟೇ.

"ಯಾಕಣ್ಣ, ಇದೂ ಸರಿ ಇಲ್ವಾ?" ಅಂತ ಕೆಂಪು ಟ್ರೇಗೆ ಕೈ ಹಾಕಿದೆ.

ಅವನು ನನ್ನ ಕೈಯನ್ನು ತಳ್ಳಿದ. ಕಾರ್ಡನ್ನು ತನ್ನ ಎದೆಗೆ ಒತ್ತಿಕೊಂಡ. ಆಮೇಲೆ ನನ್ನ ಮೂಗಿನ ಮುಂದೆ ತಂದು ಜಾಡಿಸಿದ. ಒಂದು ಸಲ, ಎರಡು ಸಲ.

"ಅಣ್ಣ, ಅದು ಏನಾಯ್ತು ಅಂದ್ರೆ..."

ಮೂರನೇ ಸಲ ಇನ್ನೂ ಜೋರಾಗಿ ಜಾಡಿಸಿದ. ಅವನ ಕಿವಿ ಕೆಂಪಾಗಿತ್ತು, ಕಣ್ಣಿನಲ್ಲಿ ನೀರಿತ್ತು, ಕಾರ್ಡು ಮಾತ್ರ ನಡುಗಲಿಲ್ಲ.

"ಚೆನ್ನಾಗಿ ಬೈರಿ ಅವಳ್ನ," ಅಂದರು ಅತ್ತಿಗೆ ನೆಲದ ಮೇಲಿಂದ. ಅವರು ಅಳುತ್ತಿದ್ದರೋ ನಗುತ್ತಿದ್ದರೋ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಒಂದೂವರೆ ವರ್ಷದಲ್ಲಿ ಅಣ್ಣ ಯಾರನ್ನೂ ಬೈದಿರಲಿಲ್ಲ. ಅವನಿಗೆ ಸಿಟ್ಟು ಬಂದಿರಬಹುದು ಅಂತ ನಾವು ಯಾರೂ ಯೋಚಿಸಿಯೂ ಇರಲಿಲ್ಲ, ಪಾಪ ಅನ್ನುತ್ತಿದ್ದೆವು ಅಷ್ಟೇ. ನನಗೆ ಐವತ್ತು ದಾಟಿದೆ. ಕೈ ಕಟ್ಟಿ, ತಲೆ ತಗ್ಗಿಸಿ, ಅವನು ಕಾರ್ಡು ಕೆಳಗಿಳಿಸುವವರೆಗೂ ಅಲ್ಲೇ ನಿಂತು ಬೈಸಿಕೊಂಡೆ.